ಬೆಲೆ ತೆತ್ತ ಅತಿಥಿ

ಸಮುದ್ರವನ್ನು ಕಾಣುವುದಕ್ಕೆ ಕಾಸರಗೋಡಿನವರು ವಿಮಾನ ಹತ್ತಬೇಕಾಗಿಲ್ಲ. ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಕಡಲೇ ನಮ್ಮ ಪಡುವಣ ಗಡಿ. ಆಟಿ ತಿಂಗಳ ಇರುಳುಗಳಲ್ಲಿ ಅದರ ಮೊರೆತವನ್ನು ಕೇಳುತ್ತಲೇ ನಿದ್ದೆಹೋಗಿ ಬೆಳೆದವರು ನಾವು. ಆದರೂ ಕಳೆದ ಡಿಸೆಂಬರ್ ತಿಂಗಳ ಉತ್ತರಾರ್ಧದಲ್ಲಿ ಏಳು ದಿನಗಳನ್ನು ಭೂಗೋಲದ ಇನ್ನೊಂದು ಪಾರ್ಶ್ವದ ಕಡಲತೀರದಲ್ಲಿ, ಮೆಕ್ಸಿಕೊ ದೇಶದ ಪುಯೆರ್ತೊ ವಯಾರ್ತ ಎಂಬ ಊರಿನಲ್ಲಿ ಕಳೆದೆವು. ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ನೆಲಸಿರುವ ಮಗಳು, ಅಳಿಯ, ಅವರ ಇಬ್ಬರು ಮಕ್ಕಳು ಮತ್ತು ನಾವಿಬ್ಬರು, ಹೀಗೆ ಒಟ್ಟು ಆರು ಮಂದಿ. ಮಿನೆಸೋಟದಲ್ಲಿ ಆ ಹೊತ್ತಿಗೆ ಸರೋವರಗಳು ಹೆಪ್ಪುಗಟ್ಟುತ್ತವೆ, ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ. ಶಾಲೆಗಳಿಗೆ ಕ್ರಿಸ್ಮಸ್ ರಜೆ ಬಿಟ್ಟೊಡನೆ ಅಲ್ಲಿನ ಅನುಕೂಲಸ್ಥ ಕುಟುಂಬಗಳು ಹಕ್ಕಿಗಳಂತೆ ದಕ್ಷಿಣಕ್ಕೆ ಹಾರುತ್ತವೆ. ಬಿಸಿಲನ್ನು ಹುಡುಕಿಕೊಂಡು ಹೋಗುವ ಈ ಪದ್ಧತಿಯನ್ನು ಭೋಗಲಾಲಸೆಯೆಂದು ಹಳಿಯುವ ಮನಸ್ಸು ನಮಗಿಲ್ಲ. ಆ ಚಳಿಯನ್ನು ಒಂದು ವಾರ ಅನುಭವಿಸಿದವರು ಹಾಗೆ ಹಳಿಯಲಾರರು.

ಆ ಏಳು ದಿನಗಳಲ್ಲಿ ಒಂದು ಪ್ರಶ್ನೆ ನಮ್ಮನ್ನು ಬಿಡದೆ ಹಿಂಬಾಲಿಸಿತು. ಹಣ ಕೊಟ್ಟು ಬಂದವನು ಅತಿಥಿಯೇ? ಅತಿಥಿಯೇ ಹೌದಾದರೆ, ಹಣವನ್ನು ಪೂರ್ತಿಯಾಗಿ ಸಂದಾಯ ಮಾಡಿದ ಮೇಲೆಯೂ ಅವನ ತಲೆಯ ಮೇಲೆ ಏನಾದರೂ ಋಣ ಉಳಿಯುತ್ತದೆಯೇ? ಈ ಪ್ರಶ್ನೆ ನಮ್ಮ ಸಂಘದ ಬಂಧುಗಳಿಗೂ ದೂರದ್ದಲ್ಲವೆಂದು ತೋರಿದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಹಿರಿಯರು ‘ಅತಿಥಿ’ ಎಂಬ ಪದವನ್ನು ‘ತಿಥಿಯಿಲ್ಲದವನು’, ಎಂದರೆ ಬರುವ ದಿನವನ್ನು ಮುಂದಾಗಿ ತಿಳಿಸದವನು ಎಂದು ಬಿಡಿಸಿ ಹೇಳುತ್ತಿದ್ದರು. ವ್ಯುತ್ಪತ್ತಿಯ ವಿಚಾರದಲ್ಲಿ ಪಂಡಿತರು ತಕರಾರು ತೆಗೆಯಬಹುದು, ಭಾವವಂತೂ ಸ್ಪಷ್ಟವಾಗಿದೆ. ಹೊತ್ತಲ್ಲದ ಹೊತ್ತಿನಲ್ಲಿ ಬಂದವನಿಗೆ ಕಾಲು ತೊಳೆಯಲು ನೀರು, ಬೆಲ್ಲದ ತುಂಡು, ಇದ್ದುದರಲ್ಲಿ ಊಟ. ಅದಕ್ಕೆ ಲೆಕ್ಕವಿರಲಿಲ್ಲ. ಲೆಕ್ಕವಿಲ್ಲದ್ದರಿಂದಲೇ ಅದು ಋಣವಾಗುತ್ತಿತ್ತು. ನಮಗಾದರೋ ತಿಥಿ ಮಾತ್ರವಲ್ಲ, ಗಳಿಗೆಯೂ ನಿಶ್ಚಯವಾಗಿತ್ತು: 21ರ ಅಪರಾಹ್ನ 3 ಗಂಟೆಗೆ ಒಳಗೆ, 28ರ ಪೂರ್ವಾಹ್ನ 11 ಗಂಟೆಗೆ ಹೊರಗೆ. ನಾವು ಬಾಡಿಗೆಗೆ ಹಿಡಿದ ಮನೆಯ ಬಾಗಿಲಿಗೆ ಬೀಗದ ಕೈ ಕೂಡ ಇರಲಿಲ್ಲ. ಅಂಕಿಗಳನ್ನು ಒತ್ತಿದರೆ ತೆರೆದುಕೊಳ್ಳುತ್ತಿತ್ತು. ಮನೆಯ ಯಜಮಾನರ ಮುಖವನ್ನು ಒಂದು ದಿನವೂ ಕಾಣಲಿಲ್ಲ. ಸ್ಪ್ಯಾನಿಷ್ ಭಾಷೆಯಲ್ಲಿ ಅತಿಥಿಗೆ ‘ಊಯೆಸ್ಪೆದ್’ ಎನ್ನುತ್ತಾರೆ. ಅದೇ ಪದಕ್ಕೆ ಆತಿಥ್ಯ ನೀಡುವವನು ಎಂಬ ಹಳೆಯ ಅರ್ಥವೂ ಉಂಟು. ಕರೆಯುವವನೂ ಬರುವವನೂ ಒಂದೇ ಪದದಲ್ಲಿ ಎದುರುಬದುರಾಗಿ ಕುಳಿತಿದ್ದ ಕಾಲವೊಂದಿತ್ತು ಎಂದಾಯಿತು. ನಮ್ಮ ಎದುರು ಕುಳಿತದ್ದು ಬಾಗಿಲಿನ ಮೇಲಿನ ಅಂಕಿಗಳ ಫಲಕ ಮಾತ್ರ.

ಊರಿನ ಬಗೆಗೆ ನಾಲ್ಕು ಮಾತು. ಪುಯೆರ್ತೊ ವಯಾರ್ತ ಹಲಿಸ್ಕೊ ರಾಜ್ಯದ ಪಡುವಣ ಅಂಚಿನಲ್ಲಿ ಬಂದೇರಾಸ್ ಕೊಲ್ಲಿಯ ತೀರದಲ್ಲಿದೆ. ಬೆನ್ನಿಗೆ ಸಿಯೆರ್ರ ಮಾದ್ರೆ ಪರ್ವತಗಳು, ನಡುವೆ ಕ್ವಾಲೆ ಹೊಳೆ, ಎದುರಿಗೆ ಪೆಸಿಫಿಕ್. ಬೆಟ್ಟ ಮತ್ತು ಕಡಲು ಇಷ್ಟು ಸಮೀಪದಲ್ಲಿರುವುದರಿಂದ ಹೊಸಬರಾದ ನಮಗೂ ಅಲ್ಲಿ ದಿಕ್ಕು ತಪ್ಪಲಿಲ್ಲ. ಹಿಂದೆ ಇದರ ಹೆಸರು ಲಾಸ್ ಪೆನ್ಯಾಸ್, ಎಂದರೆ ಬಂಡೆಗಳು. 1918ರಲ್ಲಿ ಪುರಸಭೆಯಾದಾಗ, ಹಲಿಸ್ಕೊದ ರಾಜ್ಯಪಾಲರಾಗಿದ್ದ ನ್ಯಾಯವಿದ ಇಗ್ನಾಸಿಯೊ ವಯಾರ್ತರ ಹೆಸರನ್ನು ಇಟ್ಟರು. 1963ರಲ್ಲಿ ಜಾನ್ ಹ್ಯೂಸ್ಟನ್ ಎಂಬ ಪ್ರಸಿದ್ಧ ನಿರ್ದೇಶಕರು ಸಮೀಪದ ಮಿಸ್ಮಲೋಯ ತೀರದಲ್ಲಿ ‘ದ ನೈಟ್ ಆಫ್ ದಿ ಇಗ್ವಾನ’ ಚಿತ್ರವನ್ನು ತೆಗೆದರು. ನಟ ರಿಚರ್ಡ್ ಬರ್ಟನ್ ಜೊತೆಗೆ ಎಲಿಜಬೆತ್ ಟೇಲರ್ ಕೂಡ ಬಂದಿಳಿದರು. ಅವರ ಬೆನ್ನಿಗೆ ಪತ್ರಕರ್ತರು, ಪತ್ರಕರ್ತರ ಬೆನ್ನಿಗೆ ಪ್ರಪಂಚ. ಸಣ್ಣ ಊರಾಗಿದ್ದುದು ಇಂದು, 2020ರ ಜನಗಣತಿಯಂತೆ, ಸುಮಾರು 2,90,000 ಜನರ ಪುರಸಭೆಯಾಗಿದೆ. ಅದರ ಅನ್ನ ಹೆಚ್ಚಾಗಿ ಹುಟ್ಟುವುದು ಪ್ರವಾಸಿಗರಿಂದ.

ಈ ಕಡೆಯ ಮಾತೇ ನಮ್ಮ ಅಳಿಯಂದಿರ ವಾದದ ಅಡಿಗಲ್ಲು. ಅವರು ಲೆಕ್ಕಪತ್ರದ ವೃತ್ತಿಯವರು, ಮಾತಿನಲ್ಲಿ ಮಿತ. “ನಾವು ಬಂದುದರಿಂದ ಇಲ್ಲಿ ಹತ್ತು ಜನಕ್ಕೆ ಕೆಲಸ. ಬಾರದಿದ್ದರೆ ಅವರಿಗೆ ನಷ್ಟ. ಕೇಳಿದಷ್ಟು ಕೊಟ್ಟಿದ್ದೇವೆ, ಮೇಲೆ ಇನಾಮನ್ನೂ ಕೊಡುತ್ತೇವೆ. ಇನ್ನು ಋಣದ ಮಾತೇಕೆ?” ಎಂದರು. ಈ ವಾದವನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಮಹಾಮಾರಿಯ 2020ರ ವಸಂತದಲ್ಲಿ ಕಡಲತೀರಗಳು ಮುಚ್ಚಿ ಪ್ರವಾಸಿಗರು ಬಾರದೆ ಹೋದಾಗ ಇಂತಹ ಊರುಗಳು ಪಟ್ಟ ಪಾಡನ್ನು ಅಲ್ಲಿನ ಜನ ಇನ್ನೂ ಮರೆತಿಲ್ಲ. ಧರ್ಮಸೂಕ್ಷ್ಮವನ್ನು ಮುಂದೊಡ್ಡಿ ಮನೆಯಲ್ಲೇ ಕುಳಿತವನು ಯಾರಿಗೂ ಉಪಕಾರ ಮಾಡಿದಂತಾಗುವುದಿಲ್ಲ. ಬೆಲೆಯೆಂಬುದು ಒಂದು ಬಗೆಯ ಗೌರವವೂ ಹೌದು. ಕೂಲಿಯನ್ನು ಕೊಡದೆ ‘ನಮ್ಮವರು’ ಎಂದು ಕೆಲಸ ಮಾಡಿಸಿಕೊಳ್ಳುವ ಹಳೆಯ ದಬ್ಬಾಳಿಕೆಯನ್ನು ನಾವು ನಮ್ಮ ಊರುಗಳಲ್ಲಿಯೇ ಸಾಕಷ್ಟು ಕಂಡಿದ್ದೇವೆ. ಆದುದರಿಂದ ಬೆಲೆಯನ್ನು ಕೀಳಾಗಿ ಕಾಣದೆಯೇ, ಬೆಲೆ ತಲುಪದ ತಾವುಗಳು ಯಾವುವು ಎಂದು ನೋಡಬೇಕು.

ದಿನ ಬಿಟ್ಟು ದಿನ ಮನೆಯನ್ನು ಗುಡಿಸಿ ಒರೆಸಲು ಒಬ್ಬ ಮಹಿಳೆ ಬರುತ್ತಿದ್ದರು. ಐವತ್ತರ ಹತ್ತಿರದ ವಯಸ್ಸು, ಚುರುಕು ನಡೆ. ಮಗಳಿಗೆ ಶಾಲೆಯಲ್ಲಿ ಕಲಿತ ಸ್ಪ್ಯಾನಿಷ್ ಅಷ್ಟಿಷ್ಟು ಬರುತ್ತಿದ್ದುದರಿಂದ ಮಾತು ಬೆಳೆಯಿತು. ಅವರ ಮನೆ ತೀರದಿಂದ ಒಳಗೆ ಪಿತಿಯಾಲ್ ಎಂಬ ಕಡೆ; ಹಿಂದೆ ಬೇರೆಯೇ ಹಳ್ಳಿಯಾಗಿದ್ದು ಈಗ ನಗರದೊಳಗೆ ಸೇರಿಕೊಂಡಿರುವ ದುಡಿಯುವವರ ಬಡಾವಣೆ. “ನಿಮಗೆ ರಜೆ ಎಂದು?” ಎಂದು ಮಗಳು ಕೇಳಿದಾಗ ಆಕೆ ನಕ್ಕರು. ಮೆಕ್ಸಿಕೊದ ಕಾರ್ಮಿಕ ಕಾನೂನಿನಲ್ಲಿ, ಒಂದು ವರ್ಷ ದುಡಿದವನಿಗೆ ಸಂಬಳಸಹಿತ ರಜೆ 2022ರವರೆಗೆ 6 ದಿನ ಮಾತ್ರ ಇತ್ತು. 2023ರ ಜನವರಿಯಿಂದ ಅದನ್ನು 12 ದಿನಕ್ಕೆ ಏರಿಸಿದರು. ಜಗತ್ತಿಗೆಲ್ಲ ರಜೆಯನ್ನು ಬಡಿಸುವ ದೇಶವೊಂದು ತನ್ನ ಮಕ್ಕಳಿಗೆ ಇಟ್ಟುಕೊಂಡಿದ್ದುದು ವರ್ಷಕ್ಕೆ ಆರು ದಿನ! ಡಿಸೆಂಬರ್ 20ರೊಳಗೆ ಕನಿಷ್ಠ 15 ದಿನಗಳ ಸಂಬಳವನ್ನು ಹಬ್ಬದ ಕೊಡುಗೆಯಾಗಿ ಕೊಡಬೇಕೆಂಬ ಒಳ್ಳೆಯ ಕಾನೂನೂ ಅಲ್ಲಿದೆ. ಅದಕ್ಕೆ ‘ಆಗಿನಾಲ್ದೊ’ ಎನ್ನುತ್ತಾರೆ. ಕೊಡುಗೆ ಸಿಕ್ಕಿತು, ಆದರೆ ಕ್ರಿಸ್ಮಸ್ ವಾರದಲ್ಲಿ ರಜೆ ಸಿಗುವುದು ಸಾಧ್ಯವೇ ಇಲ್ಲ, ಮನೆಗಳೆಲ್ಲ ತುಂಬಿರುವುದು ಆಗಲೇ ತಾನೇ ಎಂದರು ಆಕೆ.

ಕೆರಿಬಿಯನ್ ದ್ವೀಪವಾದ ಆಂಟಿಗುವದಲ್ಲಿ ಹುಟ್ಟಿದ ಲೇಖಕಿ ಜಮೈಕಾ ಕಿನ್‌ಕೇಡ್ 1988ರಲ್ಲಿ ಪ್ರಕಟಿಸಿದ ‘ಅ ಸ್ಮಾಲ್ ಪ್ಲೇಸ್’ ಎಂಬ ಕಿರುಹೊತ್ತಗೆಯಲ್ಲಿ ಇದನ್ನು ಕಟುವಾಗಿಯೇ ಹೇಳಿದ್ದಾರೆ: ಪ್ರತಿಯೊಬ್ಬ ಸ್ಥಳೀಯನಿಗೂ ಒಮ್ಮೆ ಪ್ರವಾಸಿಯಾಗುವ ಆಸೆಯುಂಟು, ಆದರೆ ಹೆಚ್ಚಿನವರಿಗೆ ತಮ್ಮ ಊರನ್ನು ಬಿಟ್ಟು ಹೋಗುವಷ್ಟು ಶಕ್ತಿಯಿಲ್ಲ. ಈ ಮಾತನ್ನು ನಾವು ಊಟದ ಹೊತ್ತಿನಲ್ಲಿ ಎತ್ತಿದಾಗ ನಮ್ಮ ಸಹಧರ್ಮಿಣಿ ತಣ್ಣಗೆ ಹೇಳಿದರು: “ಅಷ್ಟು ದೂರ ಏಕೆ ಹೋಗುತ್ತೀರಿ? ನಮ್ಮ ಮನೆಯ ಹಬ್ಬಗಳಲ್ಲಿ ವಿಶ್ರಾಂತಿ ಯಾರಿಗೆ ಇತ್ತು, ಅಡುಗೆಮನೆಯಲ್ಲಿ ಯಾರಿದ್ದರು?” ಮೇಜಿನ ಸುತ್ತ ಸ್ವಲ್ಪ ಹೊತ್ತು ಮೌನ. ಒಬ್ಬರ ವಿರಾಮ ಇನ್ನೊಬ್ಬರ ದುಡಿಮೆಯಿಂದ ಆಗಿದೆ ಎಂಬುದು ಮೆಕ್ಸಿಕೊದ ವಿಶೇಷವಲ್ಲ. ಅಲ್ಲಿ ಅದಕ್ಕೆ ಸಂಬಳವಾದರೂ ಇದೆ.

ರಜೆಗಿಂತಲೂ ನಮ್ಮನ್ನು ಹೆಚ್ಚು ತಟ್ಟಿದುದು ಇನ್ನೊಂದು ಸಂಗತಿ. ಆಕೆಯ ತಮ್ಮ ಚಿಕಾಗೊ ನಗರದಲ್ಲಿ ಅಡುಗೆಯ ಕೆಲಸದಲ್ಲಿದ್ದಾನೆ; ಮಗಳ ಮನೆಯಿಂದ ಕಾರಿನಲ್ಲಿ ಆರು ಗಂಟೆಯ ದಾರಿ. ಹನ್ನೊಂದು ವರ್ಷಗಳಿಂದ ಅಕ್ಕ ತಮ್ಮನನ್ನು ಕಂಡಿಲ್ಲ. ಅವನು ಬಂದರೆ ಮರಳಿ ಹೋಗುವಂತಿಲ್ಲ, ಆಕೆ ಹೋಗಲು ವೀಸಾ ಸಿಗುವುದಿಲ್ಲ. ನಾವಾದರೋ ಭಾರತದ ಪಾಸ್‌ಪೋರ್ಟಿನವರು. ಅಮೆರಿಕದ ವೀಸಾ ಊರ್ಜಿತದಲ್ಲಿದ್ದರೆ ಮೆಕ್ಸಿಕೊ ಬೇರೆ ವೀಸಾ ಕೇಳುವುದಿಲ್ಲ. ಮುದ್ರೆ ಒತ್ತಿ ಒಳಗೆ ಬಿಟ್ಟರು. ಆಕೆಯ ದೇಶದ ಬಾಗಿಲು ನಮಗೆ ತೆರೆದದ್ದು ಆಕೆಗೆ ಸಿಗದ ಕಾಗದದ ಬಲದಿಂದ. ಇದಕ್ಕೆ ನಾವು ಯಾವ ಬೆಲೆಯನ್ನೂ ತೆತ್ತಿಲ್ಲ, ತೆರುವಂತೆಯೂ ಇಲ್ಲ.

ಜರ್ಮನ್ ತತ್ತ್ವಜ್ಞಾನಿ ಇಮಾನುಯೆಲ್ ಕಾಂಟ್ 1795ರಲ್ಲಿ ಶಾಶ್ವತ ಶಾಂತಿಯನ್ನು ಕುರಿತು ಬರೆದ ಪ್ರಬಂಧದಲ್ಲಿ ಆತಿಥ್ಯಕ್ಕೊಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಆತಿಥ್ಯ ದಾನವಲ್ಲ, ಹಕ್ಕು ಎಂಬುದು ಅವನ ನಿಲುವು. ಭೂಮಿ ಗುಂಡಾಗಿದೆ, ಮನುಷ್ಯರು ಅನಂತವಾಗಿ ಚದುರಿಹೋಗಲಾರರು, ಎಲ್ಲಿಯಾದರೂ ಪರಸ್ಪರ ಎದುರಾಗಲೇಬೇಕು, ಆದುದರಿಂದ ಪರನಾಡಿಗೆ ಬಂದವನಿಗೆ ಶತ್ರುವಿನಂತೆ ನಡೆಸಿಕೊಳ್ಳಲ್ಪಡದಿರುವ ಹಕ್ಕಿದೆ. ಆದರೆ ಕಾಂಟ್ ಅಲ್ಲೊಂದು ಗೆರೆಯನ್ನೂ ಎಳೆದ. ಬಂದು ಕಾಣುವ ಹಕ್ಕು ಬೇರೆ, ಅತಿಥಿಯಾಗಿ ಉಳಿಯುವ ಹಕ್ಕು ಬೇರೆ. ಎರಡನೆಯದು ಆ ನೆಲದವರ ಒಪ್ಪಿಗೆಯಿಂದ ಮಾತ್ರ ಬರುತ್ತದೆ. ಯುರೋಪಿನ ವರ್ತಕ ರಾಷ್ಟ್ರಗಳು ಕಾಣಲು ಬಂದೆವೆನ್ನುತ್ತ ಗೆದ್ದುಕೊಂಡವು ಎಂದು ಅವನು ಕಠೋರವಾಗಿ ನುಡಿದಿದ್ದಾನೆ. ನಮ್ಮ ತೈತ್ತಿರೀಯ ಉಪನಿಷತ್ತು ಅತಿಥಿಯಲ್ಲಿ ದೇವರನ್ನು ಕಾಣಬೇಕೆಂದು ಮನೆಯವನಿಗೆ ಬೋಧಿಸುತ್ತದೆ. ಅತಿಥಿಯಾಗಿ ಹೋದವನು ಹೇಗಿರಬೇಕೆಂಬುದನ್ನು ನಾವು ಬೇರೆಡೆ ಹುಡುಕಬೇಕು. ಕಾಂಟ್‌ನ ಗೆರೆ ಅದಕ್ಕೆ ಸ್ವಲ್ಪ ನೆರವಾಗುತ್ತದೆ.

ತೀರದಲ್ಲಿ ಆ ಗೆರೆಯನ್ನು ಕಣ್ಣಾರೆ ಕಂಡೆವು. ಮೆಕ್ಸಿಕೊದ ಕಡಲತೀರಗಳೆಲ್ಲ ರಾಷ್ಟ್ರದ ಸ್ವತ್ತು. ಉಬ್ಬರದ ಗೆರೆಯಿಂದ ಮೇಲಕ್ಕೆ 20 ಮೀಟರ್ ಅಗಲದ ಪಟ್ಟಿಯೂ ಒಕ್ಕೂಟ ಸರಕಾರದ್ದು. 1917ರ ಸಂವಿಧಾನದ 27ನೆಯ ವಿಧಿಯ ಪ್ರಕಾರ ಕರಾವಳಿಯಿಂದ 50 ಕಿಲೊಮೀಟರ್ ಒಳಗೆ ವಿದೇಶೀಯರು ನೇರವಾಗಿ ನೆಲವನ್ನು ಹೊಂದುವಂತಿಲ್ಲ. ಕ್ರಾಂತಿಯೊಂದರ ಮಡಿಲಿನಲ್ಲಿ ಹುಟ್ಟಿದ ವಿಧಿ ಇದು. ಕಾನೂನಿಗೆ ಬಾಗಿಲಿರುವಂತೆ ಕಿಟಕಿಯೂ ಇರುತ್ತದೆ: ಬ್ಯಾಂಕಿನ ಹೆಸರಿನಲ್ಲಿ 50 ವರ್ಷಗಳ ನ್ಯಾಸವನ್ನು ಮಾಡಿಕೊಂಡು ವಿದೇಶೀಯರು ತೀರದಲ್ಲಿ ಮನೆಯನ್ನು ಅನುಭವಿಸಬಹುದು. ಹೊಟೇಲುಗಳು ಸರಕಾರಿ ಪಟ್ಟಿಯನ್ನು ಗುತ್ತಿಗೆಗೆ ಪಡೆದು ಕುರ್ಚಿಗಳನ್ನು ಸಾಲಾಗಿ ಇಡುತ್ತವೆ. ಜನರು ತೀರಕ್ಕೆ ಹೋಗುವುದನ್ನು ತಡೆದರೆ ದಂಡ ಎಂದು 2020ರಲ್ಲಿ ಕಾನೂನನ್ನು ತಿದ್ದಬೇಕಾಗಿ ಬಂದಿತು ಎಂಬುದೇ ನಡೆಯುತ್ತಿದ್ದುದೇನು ಎಂಬುದಕ್ಕೆ ಸಾಕ್ಷಿ. ಒಂದು ಮಧ್ಯಾಹ್ನ, ಗ್ವಾದಲಹಾರದಿಂದ ಬಂದ ದೊಡ್ಡ ಕುಟುಂಬವೊಂದು ಅಜ್ಜಿ, ಹಸುಗೂಸು, ಬುತ್ತಿಯ ಪೆಟ್ಟಿಗೆಗಳ ಸಮೇತ ಎರಡು ಹೊಟೇಲುಗಳ ಕುರ್ಚಿಗಳ ನಡುವಿನ ಇಕ್ಕಟ್ಟಿನಲ್ಲಿ ನೆಲಕ್ಕೆ ಬಟ್ಟೆ ಹಾಸಿ ಕುಳಿತಿತ್ತು. ಕಾವಲುಗಾರನೊಬ್ಬ ಬಂದು, ಒರಟಾಗಿ ಅಲ್ಲ, ನಯವಾಗಿಯೇ, ಸ್ವಲ್ಪ ಸರಿಯಬೇಕೆಂದ. ಅಜ್ಜಿ ಎದ್ದು ಸರಿದರು. ನಾವು ಕುರ್ಚಿಗಳಲ್ಲಿ ಒರಗಿದ್ದೆವು. ಯಾರ ದೇಶದಲ್ಲಿ ಯಾರು ಸಂದರ್ಶಕರು?

ಹೆಸರುಗಳ ವಿಚಾರ ಇದಕ್ಕಿಂತ ಸೂಕ್ಷ್ಮ, ಕಾಸರಗೋಡಿನವರಿಗೆ ಇದಕ್ಕಿಂತ ಸಮೀಪ. ಹೊಳೆಯ ದಕ್ಷಿಣಕ್ಕೆ ಪ್ರವಾಸಿಗರು ಕಿಕ್ಕಿರಿಯುವ ಬಡಾವಣೆಗೆ ‘ರೊಮ್ಯಾಂಟಿಕ್ ಝೋನ್’ ಎಂದು ಹೆಸರು. ಭಿತ್ತಿಪತ್ರಗಳಲ್ಲಿ, ನಕ್ಷೆಗಳಲ್ಲಿ, ಟ್ಯಾಕ್ಸಿಯವರ ಬಾಯಲ್ಲಿ ಅದೇ. ಆದರೆ ಆ ಬಡಾವಣೆಯ ನಿಜವಾದ ಹೆಸರು ಎಮಿಲಿಯಾನೊ ಸಪಾತ. ಸಕ್ಕರೆ ಜಮೀನುದಾರರು ನುಂಗಿದ ನೆಲವನ್ನು ಹಳ್ಳಿಗಳಿಗೆ ಮರಳಿ ಕೊಡಬೇಕೆಂದು ಹೋರಾಡಿ 1919ರಲ್ಲಿ ಮೋಸದಿಂದ ಕೊಲೆಯಾದ ರೈತನಾಯಕ ಆತ. ನೆಲಕ್ಕಾಗಿ ಸತ್ತವನ ಹೆಸರನ್ನು ನೆಲದ ಬೆಲೆ ಏರುತ್ತಿರುವ ಬೀದಿಯಲ್ಲಿ ಮೆಲ್ಲಗೆ ಬದಿಗಿಟ್ಟು ಪ್ರಣಯದ ಹೆಸರನ್ನು ಇಟ್ಟಿದ್ದಾರೆ. ಯಾರೂ ಆಜ್ಞೆ ಹೊರಡಿಸಲಿಲ್ಲ, ಫಲಕಕ್ಕೆ ಮಸಿ ಬಳಿಯಲಿಲ್ಲ. ಕೊಳ್ಳುವವರ ನಾಲಿಗೆಗೆ ಹಿತವಾದುದು ಉಳಿಯಿತು. ಅದೇ ಬಡಾವಣೆಯ ತೀರಕ್ಕೆ ‘ಲೊಸ್ ಮುಯೆರ್ತೊಸ್’, ಎಂದರೆ ‘ಸತ್ತವರ ತೀರ’ ಎಂದು ಹೆಸರು. ಇದು ಗಿರಾಕಿಗಳನ್ನು ಹೆದರಿಸೀತೆಂದು ‘ಸೂರ್ಯತೀರ’ ಎಂದು ಬದಲಿಸುವ ಯತ್ನವೂ ನಡೆಯಿತು. ಊರವರು ಕೇಳಲಿಲ್ಲ. ಸತ್ತವರು ತಮ್ಮ ತೀರವನ್ನು ಉಳಿಸಿಕೊಂಡರು.

ಹಳೆಯ ಹೆಸರೆಲ್ಲ ಪವಿತ್ರವೆಂದು ನಮ್ಮ ವಾದವಲ್ಲ. ಲಾಸ್ ಪೆನ್ಯಾಸ್ ಹೋಗಿ ವಯಾರ್ತ ಬಂದುದೂ ಬದಲಾವಣೆಯೇ. ಮನೆಯವರು ಮನೆಯ ಹೆಸರನ್ನು ಬದಲಿಸುವುದಕ್ಕೂ ಬಂದವರ ಅನುಕೂಲಕ್ಕಾಗಿ ಬದಲಾಗುವುದಕ್ಕೂ ಇರುವ ಅಂತರವಷ್ಟೇ ನಮಗೆ ಮುಖ್ಯ. ಊರ ಹೆಸರಿನ ಕೊನೆಯ ಅಕ್ಷರವೊಂದು ಫಲಕದಲ್ಲಿ ಬೇರೆಯಾದರೆ ಎದೆಯಲ್ಲಿ ಏನಾಗುತ್ತದೆಂದು ಈ ಸಂಚಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ನಾವು ಎಲ್ಲಿಗೂ ಹೋಗಲಿಲ್ಲ, ಯಾವ ಗಡಿಯನ್ನೂ ದಾಟಲಿಲ್ಲ. 1956ರ ನವೆಂಬರ್ 1ರಂದು ರಾಜ್ಯದ ಗೆರೆ ನಮ್ಮ ಅಂಗಳದ ಆ ಕಡೆಗೆ ಸರಿಯಿತು. ಸೋಜಿಗವೆಂದರೆ ಮೆಕ್ಸಿಕೊ ಮೂಲದ ಅಮೆರಿಕನ್ನರಲ್ಲಿಯೂ ಇಂಥದೇ ಒಂದು ನುಡಿಗಟ್ಟು ಬಳಕೆಯಲ್ಲಿದೆ. 1848ರ ಗ್ವಾದಲೂಪೆ ಹಿದಾಲ್ಗೊ ಒಪ್ಪಂದದಿಂದ ಮೆಕ್ಸಿಕೊದ ಅರ್ಧಕ್ಕೆ ಸಮೀಪದ ಭೂಭಾಗ ಅಮೆರಿಕದ ಪಾಲಾದಾಗ, ಅಲ್ಲಿದ್ದವರು ಇದ್ದಲ್ಲಿಯೇ ಪರದೇಶೀಯರಾದರು. ನಾವು ಗಡಿಯನ್ನು ದಾಟಲಿಲ್ಲ, ಗಡಿಯೇ ನಮ್ಮನ್ನು ದಾಟಿತು ಎಂದು ಅವರ ವಂಶದವರು ಇಂದಿಗೂ ಹೇಳುತ್ತಾರೆ. ತನ್ನ ಮನೆಯಲ್ಲಿಯೇ ಅತಿಥಿಯಂತೆ ನೋಡಲ್ಪಡುವ ಅನುಭವ ಉಳ್ಳವರು ಪರರ ಮನೆಗೆ ಹೋದಾಗ ಇನ್ನೂ ಸ್ವಲ್ಪ ಎಚ್ಚರದಿಂದ ಕಾಲಿಡಬೇಕೆಂಬುದು ನಮ್ಮ ಭಾವನೆ.

ಎಲ್ಲ ಬಂದವರೂ ಬಂದವರಾಗಿಯೇ ಉಳಿಯುವುದಿಲ್ಲ ಎಂಬುದಕ್ಕೂ ಅಲ್ಲೇ ನಿದರ್ಶನವಿತ್ತು. ಕಡಲ ಬದಿಯ ಕಾಲ್ದಾರಿಯಲ್ಲಿ ದೊಡ್ಡ ಸೋರೆಬುರುಡೆಯನ್ನು ಹೊತ್ತ ಮುದುಕರು ‘ತೂಬ’ ಎಂಬ ಪಾನೀಯವನ್ನು ಮಾರುತ್ತಾರೆ. ಲೋಟಕ್ಕೆ ಸುರಿದು ಮೇಲೆ ಸೇಬಿನ ಚೂರು, ಕಡಲೆಬೀಜ ಹಾಕಿಕೊಡುತ್ತಾರೆ. ಒಂದು ಗುಟುಕು ಕುಡಿದೊಡನೆ ನಮ್ಮಿಬ್ಬರ ಮುಖವೂ ಅರಳಿತು: ಇದು ತೆಂಗಿನ ಹೊಂಬಾಳೆಯ ರಸ, ನಮ್ಮ ಸಿಹಿಗಳ್ಳಿನ ಸೋದರ! ಮೆಕ್ಸಿಕೊದ ಪಡುವಣ ತೀರಕ್ಕೆ ತೆಂಗು ಮತ್ತು ಅದನ್ನು ಇಳಿಸುವ ವಿದ್ಯೆ ಎರಡೂ ಬಂದುದು ಫಿಲಿಪೀನ್ಸಿನಿಂದ, 1565ರಿಂದ 1815ರವರೆಗೆ ಓಡಾಡಿದ ಮನಿಲಾ ಹಡಗುಗಳ ಕಾಲದಲ್ಲಿ. ‘ತೂಬ’ ಎಂಬ ಪದವೂ ಅಲ್ಲಿನದೇ. ಇತ್ತ ನಮ್ಮ ದೀಪಾವಳಿಯ ಚೆಂಡುಹೂವು, ನಮ್ಮ ಸಾರಿನ ಮೆಣಸು ಅಮೆರಿಕ ಖಂಡದ ನೆಲದಿಂದ ಬಂದವು. 1916ರಿಂದ ತೆಂಗಿನ ಸಂಶೋಧನೆಯನ್ನು ನಡೆಸುತ್ತ ಬಂದಿರುವ ಊರಿನವರಾದ ನಾವು ಆ ಮುದುಕರಿಗೆ ಈ ಸಂಬಂಧವನ್ನು ಹೇಳಲು ಹೊರಟರೆ ಅವರು ತಲೆಯಾಡಿಸಿ, ತೂಬ ಇಲ್ಲಿನದೇ, ತಮ್ಮ ಅಜ್ಜನ ಕಾಲದಿಂದಲೂ ಇದೆ ಎಂದರು. ವಾದಿಸಲಿಲ್ಲ. ಇನ್ನೂರು ಮುನ್ನೂರು ವರ್ಷ ನೆಲಕ್ಕೆ ನೆರಳು ಕೊಟ್ಟರೆ ಯಾರಾದರೂ ಊರವರಾಗುತ್ತಾರೆ. ಏಳು ದಿನದವರ ಸಂಗತಿ ಬೇರೆ.

ಇನ್ನು ಪೊಸಾದ. ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ರಾತ್ರಿ ಮೆಕ್ಸಿಕೊದಲ್ಲಿ ನಡೆಯುವ ಆಚರಣೆ ಇದು. 1587ರಷ್ಟು ಹಿಂದೆ ಅಕೋಲ್ಮನ್ ಎಂಬ ಊರಿನ ಮಠದಲ್ಲಿ ಆರಂಭವಾಯಿತೆನ್ನುತ್ತಾರೆ. ‘ಪೊಸಾದ’ ಎಂದರೆ ತಂಗುಮನೆ. ತುಂಬುಗರ್ಭಿಣಿ ಮರಿಯಳೂ ಅವಳ ಪತಿ ಯೋಸೇಫನೂ ಬೆತ್ಲೆಹೇಮಿನಲ್ಲಿ ರಾತ್ರಿ ಕಳೆಯಲು ಜಾಗಕ್ಕಾಗಿ ಮನೆಮನೆಯ ಕದ ತಟ್ಟಿದ ಕಥೆಯನ್ನು ನೆರೆಕರೆಯವರು ಬೀದಿಯಲ್ಲಿ ಅಭಿನಯಿಸುತ್ತಾರೆ. ನಮ್ಮ ಮನೆಗೆ ಬರುತ್ತಿದ್ದ ಆ ಮಹಿಳೆ ಮಗಳೊಡನೆ, ನಾಳೆ ನಮ್ಮ ಬೀದಿಯ ಪೊಸಾದ, ಮಕ್ಕಳನ್ನು ಕರೆದುಕೊಂಡು ಬನ್ನಿ ಎಂದರು. ಬಸ್ಸು ಹಿಡಿದು ಹೋದೆವು. ಸಾಧಾರಣ ಬೀದಿ, ಮೇಲೆ ಬಣ್ಣದ ಕಾಗದದ ತೋರಣ, ಬದಿಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು. ಜನರು ಎರಡು ಪಾಳಿಯಾದರು: ಅರ್ಧ ಜನ ಮುಚ್ಚಿದ ಬಾಗಿಲಿನ ಒಳಗೆ, ಅರ್ಧ ಜನ ಹೊರಗೆ. ನಮ್ಮನ್ನು ಹೊರಗಿನ ಪಾಳಿಯಲ್ಲಿ ನಿಲ್ಲಿಸಿ ಕೈಗೆ ಮೇಣದ ಬತ್ತಿ ಕೊಟ್ಟರು. ಹೊರಗಿನವರು ಹಾಡಿನಲ್ಲಿ ಆಶ್ರಯ ಬೇಡುತ್ತಾರೆ. ಒಳಗಿನವರು ಹಾಡಿನಲ್ಲಿಯೇ ನಿರಾಕರಿಸುತ್ತಾರೆ. ಯಾರೋ ಏನೋ, ಕಳ್ಳರಿರಬಹುದು, ಮುಂದೆ ಹೋಗಿ ಎಂಬ ಧಾಟಿ. ಮತ್ತೆ ಬೇಡಿಕೆ, ಮತ್ತೆ ನಿರಾಕರಣೆ. ಪದ್ಯದ ಮೇಲೆ ಪದ್ಯ ಸಾಗುತ್ತದೆ. ಹೊರಗಿರುವವರು ಯಾರೆಂದು ತಿಳಿದ ಮೇಲೆ ಬಾಗಿಲು ತೆರೆಯುತ್ತದೆ, ಎಲ್ಲರೂ ಕೂಗುತ್ತ ಒಳನುಗ್ಗುತ್ತಾರೆ. ನಮಗೆ ಹಾಡಿನ ಪದಗಳು ಬಾರವು, ಮೊಮ್ಮಕ್ಕಳು ಬಾಯಾಡಿಸಿದರು. ಆದರೆ ಮೇಣ ಕರಗಿ ಬೆರಳಿಗೆ ಬೀಳುತ್ತಿರಲು, ಮುಚ್ಚಿದ ಕದದ ಎದುರು ನಿಂತು ಬೇಡುವವರ ಸಾಲಿನಲ್ಲಿ ನಿಂತಾಗ, ಆ ಊರಿಗೆ ಬಂದ ಮೇಲೆ ಮೊದಲ ಬಾರಿಗೆ ನಾವು ಏನನ್ನಾದರೂ ಕೇಳಿದೆವು ಎಂಬುದು ಹೊಳೆಯಿತು.

ಒಳಗೆ ಪೇರಳೆ, ಕಬ್ಬು, ದಾಲ್ಚಿನ್ನಿ ಹಾಕಿ ಕುದಿಸಿದ ಬಿಸಿ ಪಾನಕ ‘ಪೊನ್ಚೆ’. ಅಂಗಳದಲ್ಲಿ ಏಳು ಕೊಂಬುಗಳ ಪಿನ್ಯಾತ; ಏಳು ಪಾಪಗಳ ಸಂಕೇತವಾದ ಅದನ್ನು ಮಕ್ಕಳು ಕಣ್ಣು ಕಟ್ಟಿಕೊಂಡು ಕೋಲಿನಿಂದ ಒಡೆದರು. ಪ್ರತಿ ಮಗುವಿಗೂ ಕಡಲೆಕಾಯಿ, ಕಿತ್ತಳೆ, ಮಿಠಾಯಿ ತುಂಬಿದ ಪೊಟ್ಟಣ. ಅದಕ್ಕೂ ‘ಆಗಿನಾಲ್ದೊ’ ಎಂದೇ ಹೆಸರು, ಸಂಬಳದ ಕೊಡುಗೆಗಿರುವ ಪದವೇ. ಖರ್ಚಿಗೆ ನಾವೇನಾದರೂ ಕೊಡಬಹುದೇ ಎಂದು ಅಳಿಯಂದಿರು ಮಗಳ ಮೂಲಕ ಕ್ಷೀಣಸ್ವರದಲ್ಲಿ ಕೇಳಿಸಿದರು. ಮನೆಯ ಹಿರಿಯಾಕೆ ಅದನ್ನು ಪಕ್ಕದವರಿಗೆ ಹೇಳಿ ಇಬ್ಬರೂ ಮನಸಾರೆ ನಕ್ಕರು. ಇನ್ನೊಂದು ಲೋಟ ಪೊನ್ಚೆ ಬಂತು.

ಆ ರಾತ್ರಿಯ ಬಸ್ಸಿನಲ್ಲಿ ಅಳಿಯಂದಿರ ಪ್ರಶ್ನೆಗೆ ನಮಗೊಂದು ಉತ್ತರ ಕಂಡಿತು. ಪಿತಿಯಾಲ್‌ನ ಆ ಮನೆಯವರಿಗೆ ನಮ್ಮನ್ನು ಒಳಗೆ ಬಿಡದಿರುವ ಸ್ವಾತಂತ್ರ್ಯವಿತ್ತು. ಆಟದ ಮಟ್ಟಿಗಾದರೂ ಅವರು ಅದನ್ನು ಬಳಸಿದರು ಕೂಡ. ‘ಇಲ್ಲ’ ಎನ್ನಬಲ್ಲವರು ‘ಬನ್ನಿ’ ಎಂದುದರಿಂದ ಅದು ಆತಿಥ್ಯವಾಯಿತು. ತೀರದ ಊರಿಗೆ ಆ ಸ್ವಾತಂತ್ರ್ಯವಿಲ್ಲ. ಕಾವಲುಗಾರ, ಅಡುಗೆಯವ, ದೋಣಿಯವ, ಯಾರೂ ನಮಗೆ ‘ಇಲ್ಲ’ ಎನ್ನುವಂತಿಲ್ಲ, ಎಂದರೆ ಹೊಟ್ಟೆಗಿಲ್ಲ. ಬೆಲೆಯನ್ನು ತೆರುವಾಗ ನಾವು ಕೋಣೆಯನ್ನು ಕೊಳ್ಳುತ್ತೇವೆ, ದುಡಿಮೆಯನ್ನು ಕೊಳ್ಳುತ್ತೇವೆ. ಅವುಗಳ ಜೊತೆಗೆ, ರಸೀದಿಯಲ್ಲಿ ಕಾಣಿಸದಂತೆ, ಅವರ ‘ಇಲ್ಲ’ವನ್ನೂ ಕೊಂಡುಬಿಡುತ್ತೇವೆ. ಅದು ಮಾರಾಟಕ್ಕಿರಲಿಲ್ಲ. ತೀರದ ಹಾದಿ, ಬಡಾವಣೆಯ ಹೆಸರು, ಹಬ್ಬದ ವಾರದ ಬಿಡುವು, ಎಲ್ಲವೂ ಆ ಒಂದು ‘ಇಲ್ಲ’ದ ಬೆನ್ನಿಗೆ ಹೋಗುತ್ತವೆ. ಹಣ ತೀರಿಸದೆ ಉಳಿಯುವ ಋಣ ಇದೇ ಎಂದು ನಾವು ತಿಳಿದಿದ್ದೇವೆ.

ಇದನ್ನು ಹಿಂದಿರುಗಿಸುವ ಬಗೆ ಯಾವುದು? ಹೆಚ್ಚಿನ ಇನಾಮಲ್ಲ, ಅದು ಬೇಕೇ ಬೇಕಾದರೂ. ಕೇಳುವುದನ್ನು ಕಲಿಯುವುದು ಎಂದು ತೋರುತ್ತದೆ. ಮೆಕ್ಸಿಕೊದವರು ಒಬ್ಬರ ಮುಂದೆ ಹಾದುಹೋಗುವಾಗ, ಮೇಜಿನಿಂದ ಏಳುವಾಗ, ಲಿಫ್ಟಿನಿಂದ ಇಳಿಯುವಾಗಲೂ ‘ಕೋನ್ ಪೆರ್ಮೀಸೊ’, ಎಂದರೆ ‘ಅನುಮತಿಯಿಂದ’ ಎನ್ನುತ್ತಾರೆ. ಊಟ ಮಾಡುತ್ತಿರುವ ಅಪರಿಚಿತರಿಗೂ ‘ಪ್ರೊವೇಚೊ’ ಎಂದು ಹಾರೈಸಿ ಮುಂದೆ ಹೋಗುತ್ತಾರೆ. ನಾವು ‘ಹೋಗುತ್ತೇವೆ’ ಎನ್ನದೆ ‘ಬರುತ್ತೇವೆ’ ಎನ್ನುವಂತೆ ಇದೊಂದು ಮರ್ಯಾದೆ. ಮೊಮ್ಮಗಳು ಎರಡೇ ದಿನದಲ್ಲಿ ಕಲಿತಳು. ಚಿತ್ರ ತೆಗೆಯುವ ಮೊದಲು, ಹೆಣಿಗೆಯ ಅಂಗಡಿಯಲ್ಲಿ ಮಣಿಸರವನ್ನು ಮುಟ್ಟುವ ಮೊದಲು ಕೇಳುತ್ತಿದ್ದಳು. ಒಮ್ಮೆ ಒಬ್ಬ ವಿಹಾರಿಕ ಬುಡಕಟ್ಟಿನ ಕುಶಲಕರ್ಮಿ ಚಿತ್ರ ಬೇಡವೆಂದು ತಲೆಯಾಡಿಸಿದ. ಅವಳು ಕ್ಯಾಮರಾ ಒಳಗಿಟ್ಟಳು. ಆತ ಅವಳಿಗೆ ಮಣಿ ಪೋಣಿಸುವುದನ್ನು ತೋರಿಸಿದ. ಸಣ್ಣ ವಿಷಯ. ಇದರಿಂದ ವೀಸಾ ಕಾನೂನು ಬದಲಾಗುವುದಿಲ್ಲ, ತೀರದ ಕುರ್ಚಿಗಳೂ ಸರಿಯುವುದಿಲ್ಲ. ಅವಕ್ಕೆ ಬೇರೆ ಹೋರಾಟಗಳಿವೆ, ಅಲ್ಲಿನವರೇ ನಡೆಸುತ್ತಿದ್ದಾರೆ.

ಒಂದು ಬೆಳಗ್ಗೆ ದೋಣಿಯಲ್ಲಿ ಹೋಗಿ ತಿಮಿಂಗಿಲಗಳನ್ನು ಕಂಡೆವು. ಗೂನುಬೆನ್ನಿನ ತಿಮಿಂಗಿಲಗಳು ಉತ್ತರದ ತಣ್ಣೀರಿನಿಂದ ಡಿಸೆಂಬರಿನಿಂದ ಮಾರ್ಚಿನವರೆಗೆ ಈ ಕೊಲ್ಲಿಗೆ ಬರುತ್ತವೆ, ಮರಿ ಹಾಕಲು. ದೋಣಿಗಳು ಎಷ್ಟು ದೂರದಲ್ಲಿ ನಿಲ್ಲಬೇಕೆಂದು ಕಾನೂನಿದೆ. ನಮ್ಮ ದೋಣಿಯವನು ಎಂಜಿನ್ ತಗ್ಗಿಸಿ ಕಾದ. ಚಳಿಗಾಲದುದ್ದಕ್ಕೂ ಅವು ಅಲ್ಲಿ ಬಹುತೇಕ ಏನನ್ನೂ ತಿನ್ನುವುದಿಲ್ಲವಂತೆ. ಮೈಯ ಕೊಬ್ಬಿನಲ್ಲೇ ಬದುಕಿ, ಮರಿಗೆ ಹಾಲುಣಿಸಿ ಮರಳುತ್ತವೆ. ಮಿನೆಸೋಟದವರಿಗೂ ಅವಕ್ಕೂ ಬರುವ ಕಾಲ ಒಂದೇ, ಊಟದ ಕ್ರಮ ಮಾತ್ರ ಬೇರೆ ಎಂದು ಅಳಿಯಂದಿರು ಹೇಳಿದಾಗ ಎಲ್ಲರೂ ನಕ್ಕೆವು.

ಈ ಬರಹವನ್ನು ಓದುವವರಲ್ಲಿ ಹಲವರು ಅತಿಥಿಗಳಷ್ಟೇ ಅಲ್ಲ, ಮನೆಯವರೂ ಹೌದು. ಕೆಳದಿಯ ಶಿವಪ್ಪ ನಾಯಕನ ಕಾಲದ ಕೋಟೆಯಿರುವ ಬೇಕಲವನ್ನು ಕೇಂದ್ರ ಸರಕಾರ ವಿಶೇಷ ಪ್ರವಾಸೋದ್ಯಮ ಪ್ರದೇಶವೆಂದು ಗುರುತಿಸಿ ಮೂವತ್ತು ವರ್ಷ ದಾಟಿತು. ತೀರದುದ್ದಕ್ಕೂ ದೊಡ್ಡ ವಿಹಾರಧಾಮಗಳು ಎದ್ದಿವೆ. ಅಲ್ಲಿ ದುಡಿಯುವ ನಮ್ಮ ನೆರೆಕರೆಯ ಮಕ್ಕಳಿಗೆ ಓಣಂ, ದೀಪಾವಳಿಗಳಲ್ಲಿ ಬಿಡುವು ಎಷ್ಟು ಎಂದು ನಾವು ಮರಳಿದ ಮೇಲೆ ವಿಚಾರಿಸಿದೆವು. ಉತ್ತರ ಪಿತಿಯಾಲ್‌ನ ಉತ್ತರಕ್ಕಿಂತ ಬಹಳ ಬೇರೆಯಾಗಿರಲಿಲ್ಲ.

ಹೊರಡುವ ದಿನ ಆ ಮಹಿಳೆ ಕೋಣೆಗಳನ್ನು ಒಪ್ಪಿಸಿಕೊಳ್ಳಲು ಬೇಗನೆ ಬಂದಿದ್ದರು. ಅಪರಾಹ್ನ ಮೂರಕ್ಕೆ ಮುಂದಿನವರು ಬರುವವರಿದ್ದರು. ಮೊಮ್ಮಗಳು ಅಜ್ಜಿಯೊಡನೆ ಪಿಸುಗುಟ್ಟಿ, ನಮ್ಮ ಕಾಸರಗೋಡಿನ ವಿಳಾಸವನ್ನು ರೋಮನ್ ಲಿಪಿಯಲ್ಲಿಯೂ ಕನ್ನಡದಲ್ಲಿಯೂ ಬರೆದು ಆಕೆಯ ಕೈಗಿತ್ತಳು. ನೀವೂ ನಮ್ಮ ಮನೆಗೆ ಬರಬೇಕು, ನಾವು ಹಣ ತೆಗೆದುಕೊಳ್ಳುವುದಿಲ್ಲ ಎಂದು ಮಗಳು ಸ್ಪ್ಯಾನಿಷಿನಲ್ಲಿ ಹೇಳಿದಳು. ಆಕೆ ಗುಂಡಗುಂಡಗಿನ ಅಕ್ಷರಗಳ ಮೇಲೆ ಬೆರಳಾಡಿಸಿ, ಕಾಗದವನ್ನು ಮಡಚಿ ಫೋನಿನ ಚೀಲದಲ್ಲಿ ಇಟ್ಟುಕೊಂಡರು. ಯಾವ ತಿಂಗಳಲ್ಲಿ ಬಂದರೆ ಒಳ್ಳೆಯದು ಎಂದು ಗಂಭೀರವಾಗಿಯೇ ಕೇಳಿದರು. ಡಿಸೆಂಬರ್ ಎಂದೆವು; ಮಳೆ ಇರುವುದಿಲ್ಲ, ಸೆಕೆಯೂ ಕಡಿಮೆ.

“ಡಿಸೆಂಬರಿನಲ್ಲಿ ನನಗೆ ಬಿಡುವಿಲ್ಲವಲ್ಲ” ಎಂದು ಹೇಳಿ, ಹಾಸಿಗೆಯ ಹೊದಿಕೆಗಳನ್ನು ತೆಗೆಯತೊಡಗಿದರು.